ಸೂಜಿಯವನ ಒಂದು ಗಂಟೆ

ನನ್ನ ಗೆಳೆಯ ಮಂಗಳವಾರ ಸಂಜೆ ತೀರಿಕೊಂಡ. ತನ್ನ ಅಕ್ಕನ ಮಂಚದ ಪಕ್ಕದ ಕುರ್ಚಿಯಲ್ಲಿ ಕೂತಂತೆಯೇ ಹೃದಯ ನಿಂತಿತು. ಅರವತ್ತೆರಡು ವರ್ಷವಾಗಿತ್ತು.

ಅಕ್ಯುಪಂಕ್ಚರ್ ಅವನ ವೃತ್ತಿ. ಪಾರ್ಶ್ವವಾಯು ಬಡಿದವರೇ ಹೆಚ್ಚಾಗಿ ಬರುತ್ತಿದ್ದರು. ಯಾರಾದರೂ ‘ಡಾಕ್ಟ್ರೇ’ ಎಂದರೆ, ‘ಡಾಕ್ಟ್ರು ದೊಡ್ಡಾಸ್ಪತ್ರೇಲಿದಾರೆ, ನಾನು ಸೂಜಿಯವನು’ ಎನ್ನುತ್ತಿದ್ದ. ಮಂಚದಿಂದ ಮಂಚಕ್ಕೆ ಬಾಗಿ ಬಾಗಿ ಎಡಭುಜ ಇಳಿದುಹೋಗಿ, ಬೀದಿಯಲ್ಲಿ ನಡೆಯುವಾಗಲೂ ಯಾರದೋ ನಾಡಿ ಹಿಡಿಯಲು ಹೊರಟವನಂತೆ ಕಾಣುತ್ತಿದ್ದ. ಬಿಳಿ ಕೋಟಿನ ಮೊಣಕೈಗೆ ತೇಪೆ ಹಾಕಿಸಿಕೊಂಡನೇ ಹೊರತು ಹೊಸದು ಹೊಲಿಸಲಿಲ್ಲ. ತೆಗೆದ ಸೂಜಿಗಳನ್ನು ಗಟ್ಟಿಯಾಗಿ ಎಣಿಸುತ್ತಿದ್ದ. ಒಂದು ಕಡಿಮೆಯಾದರೂ ಸಿಗುವವರೆಗೆ ರೋಗಿಯನ್ನು ಏಳಗೊಡುತ್ತಿರಲಿಲ್ಲ. ನ್ಯಾಯಾಧೀಶರೊಬ್ಬರನ್ನು ಹಾಗೆ ಅರ್ಧ ಗಂಟೆ ಅಂಗಾತ ಮಲಗಿಸಿದ್ದ. ಸೂಜಿ ಸಿಕ್ಕಿದ್ದು ಇವನ ಕೋಟಿನ ತೋಳಿನಲ್ಲಿ.

‘ಕೈ ಪೂರ್ತಿ ಬರತ್ತಾ?’ ಎಂದು ಮನೆಯವರು ಕೇಳುವರು.

‘ಬರತ್ತೆ ಅಂತ ನಾನೆಲ್ಲಿ ಅಂದೆ? ಮಾತ್ರೆ ಬಿಡ್ಬೇಡಿ, ವ್ಯಾಯಾಮ ಬಿಡ್ಬೇಡಿ. ನನ್ನ ಸೂಜಿ ಬಿಟ್ರೂ ಪರವಾಗಿಲ್ಲ.’

ಈ ನಿಷ್ಠುರದ ಹಿಂದೆ ಒಂದು ಗಂಟೆಯಿತ್ತು. ಹನ್ನೊಂದು ವರ್ಷದ ಹಿಂದೆ ಒಂದು ಬೆಳಿಗ್ಗೆ ಅಕ್ಕನ ಬಾಯಿ ಸೊಟ್ಟಗಾಯಿತು, ಬಲಗೈಯಿಂದ ಲೋಟ ಜಾರಿತು. ಆ ಕ್ಷಣವೇ ಆಸ್ಪತ್ರೆಗೆ ಓಡಬೇಕಾದವನು, ತನ್ನ ಕೈಗುಣವನ್ನು ನಂಬಿ, ಅವಳ ನೆತ್ತಿಗೆ ಸೂಜಿ ಚುಚ್ಚಿ ಒಂದು ಗಂಟೆ ಕಾದ. ‘ಇನ್ನೂ ಬೇಗ ತರಬಾರದಿತ್ತಾ?’ ಎಂದರು ಆಸ್ಪತ್ರೆಯವರು. ಅಕ್ಕ ಉಳಿದಳು, ಬಲಗೈ ಬರಲಿಲ್ಲ, ಮಾತು ಮುಕ್ಕಾಲುಪಾಲು ಹೋಯಿತು. ಅಂದಿನಿಂದ, ಆಗಷ್ಟೇ ಬಾಯಿ ಸೊಟ್ಟಗಾದವರು ಬಾಗಿಲಿಗೆ ಬಂದರೆ ಸೂಜಿಪೆಟ್ಟಿಗೆ ಮುಟ್ಟದೆ ಆಂಬುಲೆನ್ಸ್ ಕರೆಯುತ್ತಿದ್ದ. ದಿನವೂ ಅಕ್ಕನ ಮಡಿಚಿದ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ ನೀವುತ್ತಿದ್ದ. ಆ ಗಂಟೆಯ ಸಂಗತಿಯನ್ನು ಮಾತ್ರ ಅವಳಿಗೆ ಹೇಳಿರಲಿಲ್ಲ. ‘ಹೇಳಿದ್ಮೇಲೆ ಬೆರಳು ಮುಟ್ಟೋಕೆ ಬಿಡ್ತಾಳೇನೋ ಅವಳು?’ ಎಂದು ನನ್ನೆದುರು ಅತ್ತಿದ್ದ.

ಇನ್ನೊಬ್ಬರ ಮೈಮೇಲೆ ಕೈಯಿಟ್ಟು ಬದುಕುವ ಕಸುಬಿನವರಿಗೆ, ಅವರು ಪ್ರಾಮಾಣಿಕರಾಗಿದ್ದರೆ, ಕೈತಪ್ಪಿದ ಒಂದು ದಿನ ಆಯುಷ್ಯವಿಡೀ ಜೊತೆಗಿರುತ್ತದೆ. ಗುಣವಾದ ನೂರು ಜನರ ಕೃತಜ್ಞತೆಯೂ ಆ ಭಾರವನ್ನು ಇಳಿಸಲಾರದು. ಇವನದು ಇಳಿಯಿತು. ಇಷ್ಟು ದುಃಖದಲ್ಲೂ ನನಗಿರುವ ನೆಮ್ಮದಿ ಅದೇ.

ಮಂಗಳವಾರ ಸಂಜೆ, ಅವನ ಹೃದಯ ನಿಲ್ಲುವ ಸ್ವಲ್ಪ ಮುಂಚೆ, ನಾನೂ ಆ ಕೋಣೆಯಲ್ಲಿದ್ದೆ. ಕಿತ್ತಳೆಹಣ್ಣು ಸುಲಿಯುತ್ತಿದ್ದವನು ತಲೆಯೆತ್ತದೆ ಹೇಳಿಬಿಟ್ಟ: ‘ಅಕ್ಕಾ, ಆವತ್ತು ಒಂದು ಗಂಟೆ ನಾನೇ ಹಾಳು ಮಾಡ್ದೆ ಕಣೇ. ನೇರ ಆಸ್ಪತ್ರೆಗೆ ಕರ್ಕೊಂಡು ಹೋಗಿದ್ರೆ...’

ಅಕ್ಕನಿಗೆ ಒಂದೊಂದು ಪದವೂ ಆಳದಿಂದ ಸೇದಿದಂತೆ ಬರಬೇಕು. ‘ಗೊ...ತ್ತು’ ಎಂದಳು.

‘ಗೊತ್ತಿದ್ದೂ ಸುಮ್ನಿದ್ಯಾ?’

‘ಪೆದ್ದ. ಮಾತು... ಎಲ್ಲಿತ್ತು?’

ಮೂವರಿಗೂ ನಗು ತಡೆಯಲಾಗಲಿಲ್ಲ. ಅವನು ನಗುತ್ತ ನಗುತ್ತ ಕಣ್ಣೊರೆಸಿಕೊಂಡ. ಅಕ್ಕ ಎಡಗೈಯಿಂದ ತಟ್ಟೆಯಲ್ಲಿದ್ದ ಒಂದು ತೊಳೆ ಎತ್ತಿ ಅವನ ತುಟಿಯವರೆಗೆ ಒಯ್ದಳು. ಹನ್ನೊಂದು ವರ್ಷ ಅವಳಿಗೆ ತಿನ್ನಿಸಿದವನು, ಪುಟ್ಟ ತಮ್ಮನಂತೆ ಬಾಯಿ ತೆರೆದ.