ಕರೆಂಟ್ ಹೋದರೂ ಚಿಂತೆಯಿಲ್ಲ

ನಾನು ಒಂದು ಪುಟ. ಕಾಗದದ್ದಲ್ಲ, ಕಂಪ್ಯೂಟರಿನದು. ನನ್ನನ್ನು ಗೆದ್ದಲು ತಿನ್ನುವುದಿಲ್ಲ, ಇಲಿ ಕಡಿಯುವುದಿಲ್ಲ. ತಿಂದಿದ್ದರೆ ಎಷ್ಟೋ ಚೆನ್ನಾಗಿತ್ತು ಎಂದು ಈಗ ಅನ್ನಿಸುತ್ತದೆ.

ನಾನು ಹುಟ್ಟಿದ್ದು ಮಂಗಳೂರಿನಲ್ಲಿ, ಲವೀನಾ ಮಸ್ಕರೇನ್ಹಸ್ ಎಂಬ ಹೆಂಗಸಿನ ಸಿಟ್ಟಿನಿಂದ. ಕರಾವಳಿಯಿಂದ ಬಯಲುಸೀಮೆಯವರೆಗಿನ ಕೆಲವು ಹುಚ್ಚರು ಸೇರಿ ಸಣ್ಣ ಯಂತ್ರಗಳಿಗಾಗಿ ‘ತಿರುಳು’ ಎಂಬ ಕರ್ನೆಲ್ ಕಟ್ಟಿದ್ದರು. ಕರ್ನೆಲ್ ಅಂದರೆ ಯಂತ್ರದೊಳಗಿನ ಮೇಸ್ತ್ರಿ. ಯಾವ ಪ್ರೋಗ್ರಾಮಿಗೆ ಎಷ್ಟು ಜಾಗ, ಯಾವ ಮಾಹಿತಿ ಡಿಸ್ಕಿನಲ್ಲಿ ಎಲ್ಲಿ, ಎಲ್ಲವೂ ಅದರದ್ದೇ ಕಾರುಬಾರು. ಅದಕ್ಕೆ ಮಾಲೀಕರಿಲ್ಲ. ಯಾರು ಬೇಕಾದರೂ ಬಿಚ್ಚಿ ನೋಡಬಹುದು, ತಿದ್ದಿ ಕಳಿಸಬಹುದು. ಆದರೆ ಬಳಸುವುದು ಹೇಗೆ ಎಂದು ಒಬ್ಬ ಮಹಾನುಭಾವನೂ ಬರೆದಿಟ್ಟಿರಲಿಲ್ಲ. ಲವೀನಾ ಒಂದು ಮಳೆಗಾಲವಿಡೀ ತಲೆ ಚಚ್ಚಿಕೊಂಡಳು. "ಎಂತ ಜನ ಮಾರಾಯ್ರೆ ಇವ್ರು! ಮನೆ ಕಟ್ಟಿದ್ದಾರೆ, ಬಾಗಿಲು ಎಲ್ಲುಂಟು ಅಂತ ಹೇಳ್ಲಿಲ್ಲ" ಎಂದು ಬೈದುಕೊಂಡೇ ನನ್ನನ್ನು ಬರೆದಳು.

ಮಾಹಿತಿಯನ್ನು ಡಿಸ್ಕಿನಲ್ಲಿ ಉಳಿಸುವುದು ಹೇಗೆ ಎಂಬುದು ನನ್ನ ವಿಷಯ. ನನ್ನ ಜೀವವೆಲ್ಲ ಇರುವುದು ನಡುವಿನ ಒಂದು ಮಾತಿನಲ್ಲಿ: ‘ಸೇವ್ ಎಂಬ ಆಜ್ಞೆ ಕೊಟ್ಟು, ಆಯಿತು ಎಂಬ ಉತ್ತರ ಬಂದರೆ ನಿಮ್ಮ ಮಾಹಿತಿ ಡಿಸ್ಕ್ ಸೇರಿದೆ. ಆಮೇಲೆ ಕರೆಂಟ್ ಹೋದರೂ ಚಿಂತೆಯಿಲ್ಲ.’ ಇದನ್ನು ಬರೆಯುವ ಮೊದಲು ಅವಳಿಗೆ ಸೇವ್ ಮಾಡಿ ಪ್ಲಗ್ ಕೀಳುವುದು, ಮತ್ತೆ ಹಾಕಿ ನೋಡುವುದು, ಇದೇ ಕೆಲಸ. "ಆ ಸ್ವಿಚ್ಚಿನ ಜೀವ ಯಾಕೆ ತಿಂತೀ?" ಎಂದು ಅವಳ ಅಮ್ಮ ಅಡುಗೆಮನೆಯಿಂದಲೇ ಗದರಿದರು. ಅಷ್ಟು ಪರೀಕ್ಷೆ ಮಾಡಿ ಬರೆದ ಮಾತು ಅದು. ಆಗ ಅದು ಅಪ್ಪಟ ನಿಜವಾಗಿತ್ತು.

ಲವೀನಾ ಗುಂಪಿನಲ್ಲಿ ಒಂದು ಕಟ್ಟಳೆಯನ್ನೂ ತಂದಳು. ಕೋಡ್ ಮುಟ್ಟಿದವರು ಪುಟವನ್ನೂ ಮುಟ್ಟಬೇಕು, ಇಲ್ಲದಿದ್ದರೆ ಆ ತಿದ್ದುಪಡಿಗೆ ಒಳಗೆ ಪ್ರವೇಶವಿಲ್ಲ. ಎಲ್ಲರೂ ಭೇಷ್ ಅಂದರು. ಒಂದು ಕಾಲೇಜಿನ ಮೇಷ್ಟರು ನನ್ನ ಪ್ರತಿಯೊಂದನ್ನು ಒಯ್ದು ತಮ್ಮ ಕಾಲೇಜಿನ ವೆಬ್‌ಸೈಟಿನಲ್ಲಿ ವಿದ್ಯಾರ್ಥಿಗಳಿಗಾಗಿ ಹಾಕಿದರು. ಕೆಳಗೆ ಅಭಿಪ್ರಾಯ ಬರೆಯಲು ಪೆಟ್ಟಿಗೆಯನ್ನೂ ಇಟ್ಟರು. ನಮ್ಮ ಜಾತಿಗೆ ಪ್ರತಿ, ಮೂಲ ಎಂಬ ಭೇದವಿಲ್ಲ. ಅಲ್ಲಿರುವುದೂ ನಾನೇ, ಇಲ್ಲಿರುವುದೂ ನಾನೇ. ಆ ಪೆಟ್ಟಿಗೆ ನೋಡಿ ನನಗೆ ಆಸೆ ಹುಟ್ಟಿತು. ಯಾರಾದರೂ ಒಂದು ಒಳ್ಳೆಯ ಮಾತು ಬರೆದಾರು ಎಂದು ಕಾದೆ. ಒಬ್ಬರೂ ಬರೆಯಲಿಲ್ಲ. ಕೋಡ್ ಬರೆದವನಿಗೆ ಚಪ್ಪಾಳೆ, ನನ್ನನ್ನು ಓದಿ ಕೆಲಸ ಮುಗಿಸಿದವರು ಕಿಟಕಿ ಮುಚ್ಚಿ ಹೋಗುತ್ತಾರೆ. ಇರಲಿ.

ಅಪ್ಪನಿಗೆ ಕಾಯಿಲೆಯಾಗಿ ಲವೀನಾ ಮನೆಯ ಬೇಕರಿ ನೋಡಿಕೊಳ್ಳಲು ಹೋದಳು. ನನ್ನನ್ನು ಚಿದಂಬರ ಯಾಜಿಯ ಕೈಗೊಪ್ಪಿಸಿದಳು. ಹೊನ್ನಾವರದ ಈತ ಬುದ್ಧಿವಂತ, ಇಲ್ಲ ಅನ್ನುವುದಿಲ್ಲ. ಆದರೆ ಆತನಿಗೆ ವೇಗದ ಹುಚ್ಚು. ಪ್ರತಿ ಸಲವೂ ಡಿಸ್ಕಿಗೆ ಬರೆಯುವುದು ನಿಧಾನವೆಂದು ಸೇವ್‌ನ ಸ್ವಭಾವವನ್ನೇ ಬದಲಿಸಿದ. ಈಗ ಸೇವ್ ಅಂದರೆ ಕರ್ನೆಲ್ ಮಾಹಿತಿಯನ್ನು ಕರೆಂಟ್ ಹೋದರೆ ಅಳಿಸಿಹೋಗುವ ಮೆಮೊರಿಯಲ್ಲಿ ಇಟ್ಟುಕೊಂಡು ‘ಆಯಿತು’ ಎಂದುಬಿಡುತ್ತದೆ. ತನಗೆ ಬಿಡುವಾದಾಗ ಡಿಸ್ಕಿಗೆ ಬರೆಯುತ್ತದೆ. ಕೂಡಲೇ ಬರೆಯಬೇಕಾದರೆ ಫ್ಲಶ್ ಎಂಬ ಇನ್ನೊಂದು ಆಜ್ಞೆ ಕೊಡಬೇಕು. ಯಂತ್ರ ಕುದುರೆಯಾಯಿತು. ಗುಂಪಿನವರು ಕುಣಿದಾಡಿದರು.

"ಪುಟ?" ಎಂದು ಒಬ್ಬರು ಕೇಳಿದರು.

"ಅದೆಂತ ಓಡಿ ಹೋಗ್ತದಾ? ಆಮೇಲೆ ನೋಡುವ" ಎಂದ ಯಾಜಿ.

ತಿದ್ದುಪಡಿ ಮರುದಿನವೇ ಒಳಗೆ ಬಂತು. ಹೇಳೋದು ಆಚಾರ, ತಿನ್ನೋದು ಬದನೆಕಾಯಿ! ಅಲ್ಲಿಗೆ ನಾನು ಸುಳ್ಳು ಹೇಳುವ ಪುಟವಾದೆ. ನಾನೇನು ಎದ್ದು ಹೋಗಿ ತಿದ್ದಿಕೊಳ್ಳಲೇ? ನನಗೆ ಕೈಯಿದೆಯೇ?

ಗಜೇಂದ್ರಗಡದ ಶಿವಗಂಗಾ ಚಿಲ್ಲಾಳ ನನ್ನನ್ನು ತೆರೆದದ್ದು ಆಮೇಲೆ. ನೇಕಾರರ ಮನೆಯ ಹುಡುಗಿ, ಡಿಪ್ಲೊಮಾ ಓದಿದವಳು. ಅವಳ ದೊಡ್ಡಪ್ಪ ವಿರೂಪಾಕ್ಷಪ್ಪ ಸೀರೆಯ ಸೆರಗು, ಅಂಚುಗಳ ವಿನ್ಯಾಸವನ್ನು ರಟ್ಟಿನ ಕಾರ್ಡುಗಳಲ್ಲಿ ತೂತು ಹೊಡೆದು ಇಟ್ಟಿದ್ದರು. ಮಗ್ಗ ಆ ತೂತುಗಳನ್ನು ನೋಡಿಕೊಂಡು ನೇಯುತ್ತದೆ. ಕಾರ್ಡುಗಳಿಗೆ ಗೆದ್ದಲು ಹತ್ತಿತ್ತು. ಒಂದು ಸಲ ಯಂತ್ರದಲ್ಲಿ ಹಾಯಿಸಿದರೆ ಪುಡಿಪುಡಿ. ಆ ಒಂದೇ ಸಲದಲ್ಲಿ ಓದಿ ಉಳಿಸುವ ಯಂತ್ರವನ್ನು ಅವಳು ನಮ್ಮ ಕರ್ನೆಲ್ ಮೇಲೆ ಕಟ್ಟಿದಳು. ಪಕ್ಕದ ಪರದೆಯಲ್ಲಿ ನಾನು ತೆರೆದೇ ಇದ್ದೆ.

"ಕರೆಂಟ್ ಹೋದ್ರ ಏನವ್ವಾ ಗತಿ?" ಎಂದು ದೊಡ್ಡಪ್ಪ ಕೇಳಿದರು. "ಮತ್ತೊಮ್ಮಿ ತೂತ ಹೊಡಿಯಾಕ ನನಗ ಕಣ್ಣ ಇಲ್ಲ."

"ಇಲ್ನೋಡ್ರಿ ದೊಡ್ಡಪ್ಪಾರ, ಇಲ್ಲೇ ಬರದಾರ. ಚಿಂತಿ ಇಲ್ಲಂತ."

ಅವಳು ಬೆರಳಿಟ್ಟು ತೋರಿಸಿದ್ದು ನನ್ನ ಆ ಮಾತನ್ನೇ. ಅಯ್ಯೋ ತಾಯಿ, ಬೇಡ, ಕೆಳಗೆ ಫ್ಲಶ್ ಹಾಕು ಎಂದು ನಾನು ಒಳಗೊಳಗೇ ಬಡಿದುಕೊಂಡೆ. ಪುಟದ ಕೂಗು ಯಾರಿಗೆ ಕೇಳುತ್ತದೆ?

ಬೆಳಗಿನಿಂದ ಕಾರ್ಡುಗಳನ್ನು ಒಂದೊಂದಾಗಿ ಹಾಯಿಸಿದರು. ಯಂತ್ರ ಪ್ರತಿಯೊಂದಕ್ಕೂ ‘ಆಯಿತು’ ಅಂದಿತು. ಬಿಡುವಿಲ್ಲದ ಕೆಲಸ, ಬಿಡುವಿಲ್ಲದ ಕರ್ನೆಲ್ ಡಿಸ್ಕಿಗೆ ಏನನ್ನೂ ಬರೆಯಲಿಲ್ಲ. ಊಟದ ಹೊತ್ತಿಗೆ ಕರೆಂಟ್ ಹೋಯಿತು. ಬಂದ ಮೇಲೆ ನೋಡಿದರೆ ಎಲ್ಲ ಖಾಲಿ. ಕೆಳಗೆ ರಟ್ಟಿನ ಪುಡಿ ಇತ್ತು. ವಿರೂಪಾಕ್ಷಪ್ಪ ಬೈಯಲಿಲ್ಲ. ಪುಡಿಯನ್ನು ಮುಟ್ಟಿ ನೋಡಿದರು. "ನವಿಲಂಚಿಂದೂ ಹೋತೇನವ್ವಾ?" ಎಂದು ಕೇಳಿದರು. ಆ ಅಂಚನ್ನು ಅವರು ಹೆಂಡತಿಗಾಗಿ ಹೊಡೆದಿದ್ದರು. ಆ ಸೀರೆಯೂ ಈಗ ಇಲ್ಲ, ಹೆಂಡತಿಯೂ ಇಲ್ಲ. ಶಿವಗಂಗಾ ಅತ್ತುಬಿಟ್ಟಳು.

ಅವಳು ಗುಂಪಿಗೆ ಬರೆದಳು. ಯಾಜಿಯ ಉತ್ತರ ಬಂತು: "ಪುಟ ನಂಬಿದ್ದು ಯಾಕೆ? ಕೋಡ್ ಓದಬೇಕಿತ್ತು."

ಓದುಗರೇ, ನನ್ನ ಮೈ ಉರಿದುಹೋಯಿತು. ನಂಬಬಾರದೆಂದ ಮೇಲೆ ನನ್ನನ್ನು ಇಟ್ಟುಕೊಂಡದ್ದಾದರೂ ಯಾಕೆ? ಶೃಂಗಾರಕ್ಕೇ?

ಶಿವಗಂಗಾ ವಾದಕ್ಕೆ ನಿಲ್ಲಲಿಲ್ಲ. "ನಂದು ಹೋತ್ರಿ. ಇನ್ನೊಬ್ಬರದು ಹೋಗಬಾರದು" ಎಂದು ನನ್ನ ಆ ಮಾತನ್ನು ತಾನೇ ತಿದ್ದಿ ಕಳಿಸಿದಳು. ಒಂದೇ ಒಂದು ತಿದ್ದುಪಡಿ. ಸಾಲಿನ ಕೊನೆಯಲ್ಲಿ ಖಾಲಿ ಜಾಗ ಉಳಿದಿದೆ ಎಂದು ಒಬ್ಬ ವಾಪಸು ಕಳಿಸಿದ. ತಲೆಬರಹ ಉದ್ದವಾಯಿತು ಎಂದು ಇನ್ನೊಬ್ಬ. ಅಲ್ಪವಿರಾಮ ಬೇಕೋ ಬೇಡವೋ ಎಂದು ಇಬ್ಬರು ಜಗಳವಾಡಿಕೊಂಡರು. ಕೆಲಸವಿಲ್ಲದ ಬಡಗಿ ಮಗುವಿನ ಕುಂಡೆ ಕೆತ್ತಿದನಂತೆ! ಲೋಕವನ್ನೇ ಬದಲಿಸಿದ ಕೋಡ್ ಮರುದಿನವೇ ಒಳಗೆ ಬಂದಿತ್ತು. ಯುಗಾದಿಗೆ ಕಳಿಸಿದ ನನ್ನ ಒಂದು ಮಾತು ಒಳಗೆ ಬಂದದ್ದು ದಸರೆಗೆ.

ಬಂತಲ್ಲ, ಸದ್ಯ ಅಂದುಕೊಂಡೆ. ಮೂಲದ ಮನೆಯಲ್ಲಿ ಈಗ ನಾನು ನಿಜ ಹೇಳುತ್ತೇನೆ. ಆದರೆ ಆ ಕಾಲೇಜಿನಲ್ಲಿ? ಅಲ್ಲಿ ನಾನು ಹಳೆಯ ಮಾತನ್ನೇ ಹಿಡಿದುಕೊಂಡು ಕೂತಿದ್ದೇನೆ. ಹಳೆಯದು ಎಂಬ ಕಾರಣಕ್ಕೋ ಏನೋ, ಯಾರು ಹುಡುಕಿದರೂ ಮೊದಲು ಸಿಗುವುದು ಅಲ್ಲಿಯ ನಾನೇ. ಶಿವಗಂಗಾ ಇದನ್ನು ಕಂಡು ಕಾಲೇಜಿಗೆ ಫೋನ್ ಮಾಡಿದಳು.

"ಆ ಮೇಷ್ಟ್ರು ರಿಟೈರ್ ಆಗಿ ಎಷ್ಟೋ ಕಾಲ ಆಯ್ತಮ್ಮ. ಪಾಸ್‌ವರ್ಡ್ ಅವ್ರಿಗೂ ನೆನಪಿಲ್ವಂತೆ."

"ಹಂಗಾರ ಅದನ್ನ ಬಂದ್ ಆದ್ರೂ ಮಾಡ್ರೀ."

"ಅದು ಯಾವ ಕಂಪ್ಯೂಟ್ರಲ್ಲಿ ಓಡ್ತಿದೆ ಅಂತಾನೇ ನಮಗೆ ಗೊತ್ತಿಲ್ವಲ್ಲಮ್ಮ!"

ಅವಳು ಈಗಲೂ ಆಗಾಗ ಫೋನ್ ಮಾಡುತ್ತಾಳೆ. ಅವರು ಅದೇ ಮಾತು ಹೇಳುತ್ತಾರೆ. ನನ್ನ ಮುಪ್ಪು ಹೀಗೆ ಧೂಳು ಹಿಡಿದ ಯಾವುದೋ ಪೆಟ್ಟಿಗೆಯೊಳಗೆ ಸಾಗುತ್ತಿದೆ. ಸಾವಾದರೂ ಬರಬಾರದೇ? ಅಲ್ಲಿ ಕರೆಂಟ್ ಹೋದರೂ ಜನರೇಟರ್ ಇದೆ.

ನಿನ್ನೆ ಆ ಕಾಲೇಜಿನಲ್ಲಿರುವ ನನ್ನ ಬಳಿಗೆ ಹಾವೇರಿಯ ಕಡೆಯವರೊಬ್ಬರು ಬಂದರು. ಆಸ್ಪತ್ರೆಗಳಲ್ಲಿ ಲಸಿಕೆ ಇಡುವ ಫ್ರಿಜ್ಜು ಎಷ್ಟು ಹೊತ್ತು ತಣ್ಣಗಿತ್ತು ಎಂದು ಬರೆದಿಡುವ ಯಂತ್ರ ಮಾಡುತ್ತಿದ್ದಾರಂತೆ. ನನ್ನನ್ನು ಮೇಲಿನಿಂದ ಕೆಳಗಿನವರೆಗೆ ಶ್ರದ್ಧೆಯಿಂದ ಓದಿದರು. ನಡುವಿನ ಮಾತಿನ ಹತ್ತಿರ ನಿಂತು, ಅದನ್ನು ನಕಲು ಮಾಡಿಕೊಂಡರು. ಆಮೇಲೆ ಇಷ್ಟು ವರ್ಷ ಖಾಲಿಯಿದ್ದ ಆ ಅಭಿಪ್ರಾಯದ ಪೆಟ್ಟಿಗೆಯಲ್ಲಿ ನನ್ನ ಜನ್ಮದ ಮೊದಲ ಮೆಚ್ಚುಗೆಯನ್ನು ಬರೆದು ಹೋದರು:

"ತುಂಬಾ ಥ್ಯಾಂಕ್ಸ್ ಸರ್. ಎಷ್ಟು ಸ್ಪಷ್ಟವಾಗಿ ಬರೆದಿದ್ದೀರಿ! ಈಗ ಧೈರ್ಯ ಬಂತು."