ಹೆಸ್ಟರ್ ಕಟ್ಟಿದ ಗಡಿಯಾರ

ಇಂಗ್ಲೆಂಡಿನ ಕವೆಂಟ್ರಿಯ ಗಡಿಯಾರ ಕಾರ್ಖಾನೆಯಲ್ಲಿ ಹೆಸ್ಟರ್‌ಗೆ ಮುಖಫಲಕದ ಅಂಕಿಗಳಿಗೆ ಕತ್ತಲಲ್ಲಿ ಹೊಳೆಯುವ ರೇಡಿಯಂ ಬಣ್ಣ ಬಳಿಯುವ ಕೆಲಸ. ಮೊದಲ ಮಹಾಯುದ್ಧ ಶುರುವಾದ ಮೇಲೆ ಆ ಗಡಿಯಾರಗಳಿಗೆ ಎಲ್ಲಿಲ್ಲದ ಬೇಡಿಕೆ. ರಾತ್ರಿ ಕಂದಕದಲ್ಲಿ ಜೇಬುಗಡಿಯಾರ ನೋಡಲು ಬೆಂಕಿಕಡ್ಡಿ ಗೀರಿದ ಸೈನಿಕರನ್ನು ಆ ಬೆಳಕಿನ ಗುರುತಿನಲ್ಲೇ ಶತ್ರುಗಳು ಹೊಡೆದುರುಳಿಸುತ್ತಿದ್ದರು. ಪಕ್ಕದ ಬೀದಿಯ ಹುಡುಗನೊಬ್ಬ ಹಾಗೇ ಸತ್ತಿದ್ದ.

ತಮ್ಮ ಎನಕ್ ರಜೆ ಮುಗಿಸಿ ಫ್ರಾನ್ಸಿಗೆ ಹೊರಟಾಗ ಹೆಸ್ಟರ್ ತಾನೇ ಬಣ್ಣ ಬಳಿದಿದ್ದ ಒಂದು ಕೈಗಡಿಯಾರವನ್ನು ಕೊಂಡು ತಂದಳು. ಆಗಿನ್ನೂ ಕೈಗಡಿಯಾರವೆಂದರೆ ಹೆಂಗಸರ ಒಡವೆ.

"ಬಳೆ ತೊಡಿಸಿ ಯುದ್ಧಕ್ಕೆ ಕಳಿಸ್ತಿದೀಯಲ್ಲೇ ಅಕ್ಕಾ! ಒಂದು ಲಂಗಾನೂ ಹೊಲಿಸಿಬಿಡು."

"ಬಾಯ್ಮುಚ್ಚಿ ಕೈ ನೀಡು. ನಿನ್ನ ಜಂಬಕ್ಕಿಂತ ನಿನ್ನ ತಲೆ ನಂಗೆ ಮುಖ್ಯ."

ಅವನು ನಗುತ್ತಲೇ ಕೈ ನೀಡಿದ. ಪಟ್ಟಿಯನ್ನು ಅವಳೇ ಬಿಗಿದಳು.

ಬೇಸಿಗೆಯಲ್ಲಿ ಅವನ ಸಾವಿನ ಸುದ್ದಿ ಬಂತು. ಎಲೆ ಉದುರುವ ಹೊತ್ತಿಗೆ ಎನಕ್‌ನ ದಳದ ಗೆಳೆಯ ಗಿಲ್ಬರ್ಟ್ ಕುಂಟುತ್ತಾ ಮನೆಗೆ ಬಂದ. ತಾಯಿ ಚಹಾ ತರಲು ಒಳಗೆ ಹೋದಾಗ ಹೆಸ್ಟರ್ ಕೇಳಿದಳು, "ಹೇಗಾಯ್ತು? ಮುಚ್ಚಿಡಬೇಡ."

ಗಿಲ್ಬರ್ಟ್ ಟೋಪಿಯ ಅಂಚು ತಿರುವುತ್ತಾ ಕೂತ. "ನಸುಕಿಗೆ ಮುಂಚೆ ದಾಳಿ ಇತ್ತು. ನಮ್ಮ ತೋಪುಗಳ ಗುಂಡು ನಿಲ್ಲೋ ಹೊತ್ತಿಗೆ ಸರಿಯಾಗಿ ಕಂದಕದಿಂದ ಎದ್ದು ನುಗ್ಗಬೇಕು. ಸಾಹೇಬ್ರ ಗಡಿಯಾರ ಒಡೆದಿತ್ತು. 'ಕತ್ತಲಲ್ಲಿ ಕಾಣೋ ಗಡಿಯಾರ ಯಾರ ಹತ್ರ ಇದೆ?' ಅಂದ್ರು. ಎನಕ್ ಕೈ ಎತ್ತಿದ. 'ನಮ್ಮಕ್ಕ ಬಣ್ಣ ಹಾಕಿದ್ದು ಸಾರ್, ಬೆಂಕಿಕಡ್ಡಿನೇ ಬೇಡ' ಅಂದ. ಅವತ್ತು ಮುಂದಿನ ಸಾಲಿಗೆ ಹೋಗೋ ಸರದಿ ಅವನದಾಗಿರಲಿಲ್ಲ. ಆದ್ರೂ ಅವನನ್ನೇ ಮುಂದೆ ಕರ್ಕೊಂಡು ಹೋದ್ರು. ಹೊತ್ತು ನೋಡಿ ಕೈ ಬೀಸಿ ಮೊದಲು ಎದ್ದೋನು ಅವನೇ. ಗುಂಡು ಬಿತ್ತು."

ಹೆಸ್ಟರ್ ಎದ್ದು ಅಡುಗೆಮನೆಯ ಬಾಗಿಲನ್ನು ಮುಂದೆ ಮಾಡಿದಳು.

"ನಾವು ಸರಿಯಾದ ಹೊತ್ತಿಗೆ ಎದ್ವಿ ಕಣಮ್ಮ," ಅಂದ ಗಿಲ್ಬರ್ಟ್. "ತಡ ಆಗಿದ್ರೆ ಶತ್ರುಗಳು ಮತ್ತೆ ಬಂದೂಕು ಹಿಡಿದು ಕಾಯ್ತಿದ್ರು, ಯಾರೂ ಉಳೀತಿರಲಿಲ್ಲ. ಅದನ್ನ ನಿನಗೆ ಹೇಳಲೇಬೇಕು ಅಂತ ಬಂದೆ."

ಅವನು ಹೇಳಿದ್ದು ನಿಜವೆಂದು ಅವಳಿಗೆ ಗೊತ್ತಿತ್ತು. ಆದರೆ ತಮ್ಮನ ಕೈಗೆ ಆ ಪಟ್ಟಿ ಬಿಗಿದವಳು ತಾನೇ ಎಂಬುದೂ ಅಷ್ಟೇ ನಿಜ. ಅಷ್ಟರಲ್ಲಿ ತಾಯಿ ಚಹಾ ತಂದು, "ನಮ್ಮ ಹುಡುಗ ಅಲ್ಲಿ ಚೆನ್ನಾಗಿ ಊಟ ಮಾಡ್ತಿದ್ನೇನಪ್ಪ?" ಅಂದಳು. ಗಿಲ್ಬರ್ಟ್ ಹೆಸ್ಟರಳ ಮುಖ ನೋಡಿ, "ನನ್ನ ಪಾಲಿಂದೂ ಕಿತ್ಕೊಂಡು ತಿಂತಿದ್ದ ಅಮ್ಮಾ" ಅಂದ. ತಾಯಿ ಅಳುತ್ತಲೇ ನಕ್ಕಳು.

ಮಾರನೆಯ ದಿನ ಹೆಸ್ಟರ್ ಕಾರ್ಖಾನೆಗೆ ಹೋದಳು. ಕುಂಚ ಹಿಡಿದರೆ ಅಂಕಿಯ ಆಚೆಗೆಲ್ಲ ಬಣ್ಣ ಹರಡಿತು. "ನಿನ್ನಿಂದ ಎಷ್ಟು ಜನ ಬದುಕಿದಾರೆ ನೋಡೇ ಹುಚ್ಚಿ," ಎಂದು ಪಕ್ಕದವಳು ಬೆನ್ನು ಸವರಿದಳು. ಹೆಸ್ಟರ್ ತಲೆಯಾಡಿಸಿದಳು. ವಾರ ಕಳೆಯುವುದರೊಳಗೆ ಕೆಲಸ ಬಿಟ್ಟು ಟ್ರಾಮಿನಲ್ಲಿ ಟಿಕೆಟ್ ಹರಿದುಕೊಡುವ ಕೆಲಸಕ್ಕೆ ಸೇರಿದಳು.

ಅಂಥ ಒಳ್ಳೆಯ ಕೆಲಸ ಏಕೆ ಬಿಟ್ಟೆ ಎಂದು ತಾಯಿ ಬದುಕಿರುವವರೆಗೂ ಗೊಣಗುತ್ತಿದ್ದಳು. "ಕಣ್ಣು ಉರೀತಿತ್ತು ಕಣಮ್ಮ," ಎನ್ನುತ್ತಿದ್ದಳು ಹೆಸ್ಟರ್.