ಎಳ್ಳುಕಾಳಿನಷ್ಟು ಚರ್ಮ

ಮುದುಕಿ ಗಂಡನ ಹೆಣದ ಎಡ ಅಂಗಿತೋಳನ್ನು ಮೊಣಕೈವರೆಗೆ ಮಡಚಿ, ಎಳ್ಳುಕಾಳಿನಷ್ಟಿದ್ದ ಗುಳಿಯ ಮೇಲೆ ಬೆರಳಿಟ್ಟಳು.

"ನೋಡೆ, ಇಷ್ಟು ಕಡಿಮೆ ಇದಾರೆ."

"ಬಿಡಿ ಅತ್ತಿಗೆ," ಎಂದಳು ನಾದಿನಿ. "ಅಷ್ಟನ್ನ ಯಾರು ಹುಡುಕ್ತಾರೆ?"

"ನಾನು ಹುಡುಕ್ತೀನಿ. ನಿಮ್ಮಣ್ಣ ಎಲ್ಲಿಗೆ ಹೋದ್ರೂ ಏನಾದ್ರೂ ಮರೆತೇ ಹೋಗ್ತಿದ್ರು. ಇವತ್ತಾದ್ರೂ ಪೂರ್ತಿ ಹೋಗ್ಲಿ."

ಮೂವತ್ತು ವರ್ಷ ಲ್ಯಾಬಿನಲ್ಲಿ ಗಾಜು ತೊಳೆದವನು. ಅವನು ತೊಳೆದ ಬಾಟಲಿಯಲ್ಲಿ ಸೊಳ್ಳೆಯೂ ಮುಖ ನೋಡಿಕೊಂಡು ಮೀಸೆ ತಿರುವಬಹುದಿತ್ತು.

* * *

ಎಂಟು ವರ್ಷದ ಹಿಂದೆ ಒಂದು ಸಂಜೆ ತೋಳಿಗೆ ಪಟ್ಟಿ ಕಟ್ಟಿಕೊಂಡು ಬಂದಿದ್ದ.

"ಚರ್ಮ ಕೊಟ್ಟೆ ಕಣೆ. ಬೆಚ್ಚಗಿನ ಪೆಟ್ಟಿಗೇಲಿ ಬೆಳೆಸಿ, ಅದಕ್ಕೆ ವೈರಸ್ ಬಿಟ್ಟು ನೋಡ್ತಾರೆ. ವೈರಸ್ಸಿನ ಪ್ರೋಟೀನು ಹಸಿರಾಗಿ ಹೊಳೆಯೋ ಹಾಗೆ ಮಾಡಿರ್ತಾರೆ. ಅದಕ್ಕೆ ಕಾಲಿಲ್ಲ. ನಮ್ಮ ಜೀವಕೋಶದೊಳಗೇ ಸಾಮಾನು ಹೊರೋ ಆಳುಗಳಿದಾವೆ. ಅವುಗಳ ಹೆಗಲೇರಿ ನಡುಮನೆಗೇ ಹೋಗಿಬಿಡುತ್ತೆ."

"ನಿಮ್ಮ ತಂಗಿ ಬಂದ ಹಾಗೆ," ಎಂದಿದ್ದಳು.

ಅವನು ನಗುತ್ತ ತಿರುಗಿ, ಎಂದಿನಂತೆ ಗಿಡ್ಡ ಬಾಗಿಲಿಗೆ ಹಣೆ ಬಡಿಸಿಕೊಂಡಿದ್ದ.

* * *

ಲ್ಯಾಬಿನ ಡಾಕ್ಟರಮ್ಮ ಬಂದು ಪಕ್ಕದಲ್ಲಿ ಕೂತಳು.

"ಅಮ್ಮ, ಅವರು ಕೊಟ್ಟ ಚರ್ಮದ ಜೀವಕೋಶಗಳು ಇನ್ನೂ ಬದುಕಿವೆ. ನೀವು ಹೂಂ ಅಂದ್ರೆ ಇವತ್ತೇ ಎಲ್ಲಾ ನಾಶ ಮಾಡ್ತೀವಿ. ಕೊನೇ ಮಾತು ಹೆಂಡತೀದು ಅಂತ ಬರೆದುಕೊಟ್ಟಿದ್ರು."

"ಬದುಕಿರೋವರೆಗೆ ಮೊದಲನೇ ಮಾತೂ ಕಿವಿಗೆ ಹಾಕ್ಕೊಳ್ಳಲಿಲ್ಲ, ಪುಣ್ಯಾತ್ಮ. ಮೊದಲು ತೋರಿಸಿ."

ಡಾಕ್ಟರಮ್ಮ ಫೋನು ಅವಳ ಕೈಗಿಟ್ಟಳು. "ಈಗ ಅಲ್ಲಿ ನಡೀತಿರೋದೇ ಇದು."

ಕಪ್ಪು ಪರದೆಯಲ್ಲಿ ನೂಲಿನಂಥ ದಾರಿಗಳು. ಒಂದರ ಮೇಲೆ ಹಸಿರು ಕಾಳೊಂದು ಸರಿಯಿತು, ನಿಂತಿತು, ಹಿಂದೆ ಬಂತು, ಮತ್ತೆ ಹೊರಟಿತು. ನಡುವೆ ಮಬ್ಬಾದ ಒಂದು ಗುಂಡು ಕೋಣೆ, ಅವನು ಹೇಳಿದ್ದ ನಡುಮನೆ.

"ಹೊತ್ತಿರೋದು ಇವರ ಆಳುಗಳೇನಾ?"

"ಹೌದಮ್ಮ, ಅವರವೇ."

"ಯಜಮಾನ್ರು ಹೋಗಿದ್ದು ಅವಕ್ಕೆ ಗೊತ್ತಿಲ್ವಾ?"

"ಇಲ್ಲಮ್ಮ."

ಮುದುಕಿ ಗಂಡನ ತೋಳು ಮುಟ್ಟಿದಳು. ಬಾವಿಯೊಳಗಿನ ಕಲ್ಲಿನಂತೆ ತಣ್ಣಗಿತ್ತು.

"ಅಲ್ಲಿ ಬೆಚ್ಚಗಿದೆಯಾ?"

"ಮೈಬಿಸಿಯಷ್ಟು."

ಅವಳು ಮಡಚಿದ ಅಂಗಿತೋಳನ್ನು ಮಣಿಕಟ್ಟಿನವರೆಗೆ ಇಳಿಸಿ ಗುಂಡಿ ಹಾಕಿದಳು.

"ಇರ್ಲಿ ಬಿಡಿ. ಆ ಪೆಟ್ಟಿಗೆ ಆರಿಸಬೇಡಿ."

ನಾಲ್ವರು ಅವನನ್ನು ಹೆಗಲಿಗೆತ್ತಿಕೊಂಡರು. ಬಾಗಿಲ ಬಳಿ ನಿಂತರು. ಅವಳ ಕೈಯ ಫೋನಿನಲ್ಲಿ ಹಸಿರು ಕಾಳೂ ಗುಂಡು ಕೋಣೆಯ ಅಂಚಿಗೆ ಬಂದು ನಿಂತಿತ್ತು.

"ಸ್ವಲ್ಪ ಬಗ್ಗ್ರಪ್ಪ," ಎಂದಳು ಮುದುಕಿ. "ಹಣೆ ತಾಗೀತು."

ಹೊತ್ತವರು ಬಗ್ಗಿ ಹೊರಗೆ ಹೋದರು. ಫೋನಿನಲ್ಲಿ ಹಸಿರು ಕಾಳು ಒಮ್ಮೆ ತಗ್ಗಿ, ಒಳಗೆ ಹೋಯಿತು.